ಊರಿಗೆ ಬೀಗ ಬಿದ್ದ ಜುಲೈ

ಹೋದ ತಿಂಗಳು ಅಕ್ಕನ ಮಗನ ಜೊತೆ ಮಲ್ಪೆಗೆ ಹೋಗಿದ್ದೆ. ಅವನಿಗೆ ಅಲ್ಲಿಯ ಹಳೇ ಐಸ್ ಪ್ಲಾಂಟ್ ಒಂದನ್ನು ಕೊಳ್ಳುವ ಆಸೆ, ನನಗೆ ಅವನು ಟೋಪಿ ಹಾಕಿಸಿಕೊಳ್ಳದಂತೆ ನೋಡಿಕೊಳ್ಳುವ ಆಸೆ. ಮೆಷಿನ್ ರೂಮಿನ ಬಾಗಿಲು ತೆರೆದದ್ದೇ ಅಮೋನಿಯಾದ ಘಾಟು ಮೂಗಿಗೆ ಹೊಡೆಯಿತು. ಹುಡುಗ ಕರ್ಚೀಫು ಹಿಡಿದು ಹೊರಗೆ ಓಡಿದ. ನಾನು ಅಲ್ಲೇ ನಿಂತಿದ್ದೆ. ಮಾರುವವನು ನನ್ನ ಮುಖ ನೋಡಿ, "ನಿಮಗೆ ಇದು ಅಭ್ಯಾಸವಾ ಹೇಗೆ?" ಎಂದು ಕೇಳಿದ.

ಅಭ್ಯಾಸವೇ. ಒಂದು ಜುಲೈ ತಿಂಗಳು ನಾನು ಹೆಚ್ಚುಕಮ್ಮಿ ಆ ಘಾಟನ್ನೇ ಉಸಿರಾಡಿದ್ದೇನೆ. ಒಮಾನಿನಲ್ಲಿ, ಸೀಬ್ ದಾಟಿ ಬರ್ಕಾದ ಕಡೆಗೆ ಹೋಗುವ ಕಡಲ ದಂಡೆಯಲ್ಲಿ. ಆ ವಾಸನೆ ಬಂದಾಗೆಲ್ಲ ನನಗೆ ಆ ದಂಡೆಯೂ ನೆನಪಾಗುತ್ತದೆ, ನಾನು ಇವತ್ತಿಗೂ ಕಾಲಿಡದ ಸ್ವೀಡನ್ನಿನ ಒಂದು ಊರೂ ನೆನಪಾಗುತ್ತದೆ. ಆ ಊರಿನ ಹೆಸರು ನನ್ನ ನಾಲಿಗೆಯಲ್ಲಿ ಯಾವತ್ತೂ ಸರಿಯಾಗಿ ಹೊರಳಲಿಲ್ಲ. ನಾವು ಅದನ್ನು ಸ್ವೆನ್‌ನ ಊರು ಎನ್ನುತ್ತಿದ್ದೆವು.

ಎಂಬತ್ತರ ದಶಕದ ಕೊನೆಯ ಮಾತು. ಒಮಾನಿನ ರಾಜಧಾನಿಯ ರೂವಿ ಪೇಟೆಯಲ್ಲಿ ಫ್ರಿಜ್, ಏಸಿ, ಕಂಪ್ರೆಸರ್ ಮಾರುವ ಅಂಗಡಿಯೊಂದರಲ್ಲಿ ನಾನು ಸೇಲ್ಸ್‌ಮನ್. ಗಿರಾಕಿಯಾಗಿ ಬಂದವರು ಸೈಫ್. ಅವರಿಗೆ ಕಡಲ ಬದಿಯಲ್ಲಿ ಜಾಗವಿತ್ತು, ಊರಲ್ಲಿ ಹೆಸರಿತ್ತು, ಮೀನುಗಾರರಿಗೆ ಐಸ್ ಮಾಡಿ ಮಾರಬೇಕೆಂಬ ಆಲೋಚನೆಯಿತ್ತು. ಮಲ್ಪೆಯವನಾದ ನನಗೆ ಐಸ್ ಮತ್ತು ಮೀನು ಎರಡರ ನಂಟೂ ಹುಟ್ಟಿದಾಗಿನಿಂದ ಗೊತ್ತು. ಅವರು ಒಂದು ಕಂಪ್ರೆಸರ್ ಕೇಳಲು ಬಂದವರು, ವಾಪಸು ಹೋಗುವಾಗ ಇಡೀ ಪ್ಲಾಂಟಿನ ಕನಸು ಹೊತ್ತುಕೊಂಡು ಹೋದರು. ಮೂರನೆಯ ಭೇಟಿಯಲ್ಲಿ ನನ್ನನ್ನೂ ಜೊತೆಗೆ ಕರೆದರು. ಅಂಗಡಿ ಬಿಟ್ಟೆ. ಸೈಫ್ ನನ್ನ ಕಫೀಲರಾದರು, ಅಂದರೆ ನನ್ನ ವೀಸಾ ಅವರ ಕೈಗೆ ಹೋಯಿತು. ಅದೇ ವರ್ಷ ಹೆಂಡತಿ ಸುಜಾತಳನ್ನೂ ಮಗಳನ್ನೂ ಊರಿಂದ ಕರೆಸಿಕೊಂಡೆ. ರೂವಿಗೆ ತಾಗಿದ ಹಮ್ರಿಯಾದಲ್ಲಿ ಒಂದು ಕಿರಾಣಿ ಅಂಗಡಿಯ ಮೇಲಿನ ಫ್ಲ್ಯಾಟು. ಎಷ್ಟೋ ವರ್ಷ ರಜೆಯಲ್ಲಿ ಮಾತ್ರ ಸಂಸಾರ ಮಾಡಿದವರು ನಾವು, ಮೊದಲ ಸಲ ಒಂದೇ ಬಾಗಿಲ ಚಿಲಕ ಹಾಕಿ ಮಲಗತೊಡಗಿದೆವು.

ಸೈಫ್ ಇಟ್ಟ ಷರತ್ತು ಒಂದೇ. "ವಾಸು, ಈ ಬೇಸಿಗೆ ನಿನ್ನ ಪರೀಕ್ಷೆ. ಮೀನುಗಾರ ಬಂದು ನಿಂತಾಗ ಐಸ್ ಇರಬೇಕು. ಬೇಸಿಗೆ ದಾಟಿದರೆ ನೀನು ನನ್ನ ಮನುಷ್ಯ, ನಿನ್ನ ಹೆಂಡತಿ ಮಗಳು ಇಲ್ಲಿಯೇ ಇರಲಿ. ಒಂದು ದಿನ ಯಾರಾದರೂ ಖಾಲಿ ಪೆಟ್ಟಿಗೆ ಹಿಡಿದು ಹಿಂದೆ ಹೋದ ಅಂದರೆ, ಖಲಾಸ್. ಮೂವರಿಗೂ ಟಿಕೆಟ್ ನಾನೇ ತೆಗೆದುಕೊಡುತ್ತೇನೆ."

ನಾನು ಒಪ್ಪಿದೆ. ಯಂತ್ರದ ಮೇಲೆ ನನಗೆ ಅಷ್ಟು ಭರವಸೆ. ಅಗ್ಗದ ಕಂಪ್ರೆಸರ್ ಬೇಡವೆಂದು ಹಟ ಹಿಡಿದು ಸ್ವೀಡನ್ನಿನದನ್ನೇ ತರಿಸಿದ್ದೆ. ಅದರ ಚೌಕಾಸಿಯಲ್ಲಿ ನಾನು ಮಾಡಿದ್ದೊಂದು ಜಾಣತನವಿತ್ತು. ಬಿಡಿಭಾಗಗಳ ಪೆಟ್ಟಿಗೆಯನ್ನೇ ಬೇಡ ಎಂದು ತೆಗೆಸಿಹಾಕಿ, ಬದಲಿಗೆ 'ಯಾವ ಭಾಗ ಕೆಟ್ಟರೂ ಒಂದು ವಾರದೊಳಗೆ ಕಾರ್ಖಾನೆಯಿಂದ ಹೊರಡುತ್ತದೆ' ಎಂಬ ಗ್ಯಾರಂಟಿ ಪಡೆದಿದ್ದೆ. "ನಮ್ಮ ದುಡ್ಡು ನಮ್ಮ ಕಪಾಟಿನಲ್ಲಿ ಯಾಕೆ ಕೊಳೆಯಬೇಕು, ಸಾಮಾನು ಅವರ ಕಪಾಟಿನಲ್ಲೇ ಇರಲಿ" ಎಂದಾಗ ಸೈಫ್ ನನ್ನ ಬೆನ್ನು ತಟ್ಟಿದ್ದರು.

ಯಂತ್ರ ಕೂರಿಸಲು ಬಂದವನು ಸ್ವೆನ್. ಎತ್ತರದ ಆಳು, ಬಿಸಿಲಿಗೆ ಸಿಗಡಿಯಂತೆ ಕೆಂಪಾಗುವ ಚರ್ಮ. ಚಳಿಗಾಲ ಮುಗಿಯುವ ಹೊತ್ತಿಗೆ ಬಂದವನು ಜೂನ್ ನಡುವಿನ ತನಕ ಇದ್ದ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನದ ಮೇಲೆ ಒಂದು ಸಲ ಅವನು ಸ್ಪಾನರು ಕೆಳಗಿಟ್ಟು ಫ್ಲಾಸ್ಕಿನ ಕಾಫಿ ಕುಡಿಯಲು ಕೂರುತ್ತಿದ್ದ. ಎದುರಿಗೆ ಸೈಫ್ ನಿಂತಿದ್ದರೂ ಸರಿ, ಲಾರಿ ಬಂದು ಹಾರನ್ ಹೊಡೆದರೂ ಸರಿ, ಕಾಫಿ ಮುಗಿಯದೆ ಏಳುತ್ತಿರಲಿಲ್ಲ. ಒಬ್ಬನೇ ಕುಡಿಯುತ್ತಲೂ ಇರಲಿಲ್ಲ. ನಮ್ಮ ಫಿಟ್ಟರ್ ಹಮೀದ್, ಉಳ್ಳಾಲದ ಬ್ಯಾರಿ, ಮತ್ತು ನಾನು ಜೊತೆಗೆ ಕೂರಲೇಬೇಕು. ಆಗ ಕೆಲಸದ ಮಾತು ಆಡಬಾರದು. ಹಾಗಾಗಿ ಊರಿನ ಮಾತು ಬಂತು.

ಆ ಊರಿನಲ್ಲಿ ಒಂದು ನದಿ, ನದಿಯ ಬದಿಗೆ ಒಂದು ಕಾರ್ಖಾನೆ, ಕಾರ್ಖಾನೆಯ ಸುತ್ತ ಊರು. ಅವನ ಅಜ್ಜ ಅಲ್ಲಿ ಕಬ್ಬಿಣ ಕರಗಿಸಿದವನು, ಅಪ್ಪ ಲೇತ್ ಓಡಿಸಿದವನು. ಮರದ ಸಾಲು ಮನೆಗಳನ್ನು ಕಟ್ಟಿಸಿಕೊಟ್ಟದ್ದು ಕಾರ್ಖಾನೆಯೇ, ಎಲ್ಲದಕ್ಕೂ ಒಂದೇ ಕೆಂಪು ಬಣ್ಣ. ಸೈರನ್ ಆದರೆ ಊರಿಡೀ ಸೈಕಲ್ ಹತ್ತುತ್ತದೆ. ಮ್ಯಾನೇಜರನ ಮಗನೂ ಫಿಟ್ಟರನ ಮಗಳೂ ಒಂದೇ ಶಾಲೆ, ಒಂದೇ ಬೆಂಚು. ಚಳಿಗಾಲದಲ್ಲಿ ಫುಟ್ಬಾಲ್ ಮೈದಾನಕ್ಕೆ ನೀರು ಬಿಟ್ಟು ಹೆಪ್ಪುಗಟ್ಟಿಸಿ ಅದರ ಮೇಲೆ ಆಡುತ್ತಾರೆ. "ನಮಗೆ ಐಸ್ ಪುಕ್ಕಟೆ" ಎಂದು ನಗುತ್ತಿದ್ದ.

ನನಗೆ ನಂಬಲಾಗದ್ದು ಇನ್ನೊಂದು. ಈ ಸ್ವೆನ್ ಆ ಊರಿನ ಪುರಸಭೆಯ ಸದಸ್ಯ. ಹಗಲು ಎಣ್ಣೆ ಕೈ, ಸಂಜೆ ಕೈ ತೊಳೆದು ಸಭೆ. ಈಜುಕೊಳ ಎಲ್ಲಿ ಕಟ್ಟಬೇಕೆಂದು ಇವನು ಒಂದು ಮಾತು ಹೇಳಿದರೆ, ಮೇಜಿನ ಆಚೆ ಕೂತ ಅವನ ಮ್ಯಾನೇಜರು ಇನ್ನೊಂದು ಹೇಳುವುದು.

"ಮತ್ತೆ ಮರುದಿನ?" ಹಮೀದ್ ಕೇಳಿದ.

"ಮರುದಿನ ಏನು?"

"ಕೆಲಸ ಉಳಿಯುತ್ತದಾ?"

ಸ್ವೆನ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹಮೀದ್ ನನ್ನ ಕಡೆ ತಿರುಗಿ, "ವಾಸಣ್ಣ, ಇವನಿಗೆ ನಮ್ಮ ಕಡೆಯ ಪುರಸಭೆ ಒಮ್ಮೆ ತೋರಿಸಬೇಕು. ಸದಸ್ಯನಾದ ಮೇಲೂ ಇವ ಇನ್ನೂ ಸ್ಪಾನರು ಹಿಡಿದಿದ್ದಾನೆ ಅಂದರೆ ಏನೋ ಸರಿ ಇಲ್ಲ" ಎಂದ.

ಸ್ವೆನ್ ಇನ್ನೊಂದನ್ನೂ ಹೇಳಿದ್ದ. ಜುಲೈ ತಿಂಗಳಲ್ಲಿ ಊರಿಗೇ ಬೀಗ. ಕಾರ್ಖಾನೆ ಮುಚ್ಚುತ್ತದೆ, ಎಲ್ಲರೂ ಕೆರೆಗಳ ದಡದ ಮರದ ಗುಡಿಸಲುಗಳಿಗೆ ಹೋಗಿ ಮೀನು ಹಿಡಿದು, ಕಾಡಿನಲ್ಲಿ ಹಣ್ಣು ಕೊಯ್ದು, ತಿಂಗಳು ಕಳೆದು ಬರುತ್ತಾರೆ. ನಾನು ಗ್ಯಾರಂಟಿಯ ಮಾತೆತ್ತಿದಾಗ, "ಒಂದು ವಾರ, ಸರಿ. ಜುಲೈ ಬಿಟ್ಟು" ಎಂದ. ಬಿಡಿಭಾಗದ ಪೆಟ್ಟಿಗೆ ಮಾರಲು ಇವನೊಂದು ಉಪಾಯ ಹೂಡುತ್ತಿದ್ದಾನೆ ಎಂದುಕೊಂಡೆ. ಚೌಕಾಸಿ ಕಲಿತವರ ಕಷ್ಟ ಇದು. ಎದುರಿನವನು ಬಾಯಿ ಬಿಟ್ಟರೆ ಸಾಕು, ಅದರಲ್ಲಿ ಬೆಲೆಯ ಲೆಕ್ಕವನ್ನೇ ಹುಡುಕುತ್ತೇವೆ. ಎಳೆಯರಿಗೆ ಹೇಳುತ್ತೇನೆ, ವ್ಯಾಪಾರದಲ್ಲಿ ಎದುರಿನವನ ಹತ್ತು ಮಾತಿನಲ್ಲಿ ಒಂದಾದರೂ ಬರೀ ನಿಜ ಇರುತ್ತದೆ. ಅದು ಯಾವುದೆಂದು ಕಂಡುಹಿಡಿಯುವವನೇ ಬುದ್ಧಿವಂತ.

ಜೂನ್ ಅರ್ಧ ದಾಟಿದ್ದೇ ಸ್ವೆನ್ ವಿಮಾನ ಹತ್ತಿದ. ಇಲ್ಲಿ ಬಿಸಿಲು ಏರಿತು. ಒಮಾನಿನ ಕರಾವಳಿಯ ಬೇಸಿಗೆಯನ್ನು ಕಾಣದವರಿಗೆ ವಿವರಿಸುವುದು ಕಷ್ಟ. ನಲ್ಲಿಯಿಂದ ಬರುವ 'ತಣ್ಣೀರು' ಕೈ ಸುಡುತ್ತದೆ. ಏಸಿ ಕಾರಿನಿಂದ ಇಳಿದ ಕೂಡಲೇ ಕನ್ನಡಕಕ್ಕೆ ಹಬೆ ಕಟ್ಟಿ ಎದುರಿಗಿದ್ದವರು ಮಾಯವಾಗುತ್ತಾರೆ. ಅಂಥ ದಿನಗಳಲ್ಲಿ ಬೆಳಿಗ್ಗೆ ದೋಣಿಗಳು ದಡಕ್ಕೆ ಬರುತ್ತಿದ್ದವು, ಪಿಕಪ್‌ಗಳು ನಮ್ಮ ಬಾಗಿಲಿಗೆ ಬರುತ್ತಿದ್ದವು. ಐಸ್ ಇಲ್ಲದಿದ್ದರೆ ಮೀನು ಪೇಟೆ ಮುಟ್ಟುವ ಮೊದಲೇ ಗೊಬ್ಬರ.

ಜುಲೈ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಹಮೀದ್ ನನ್ನನ್ನು ಕಂಪ್ರೆಸರಿನ ಹತ್ತಿರ ಕರೆದ. ಶಾಫ್ಟ್ ಹೊರಗೆ ಬರುವ ಜಾಗದಲ್ಲಿ ಗ್ಯಾಸ್ ಹೊರಬೀಳದಂತೆ ತಡೆಯುವ ಉಂಗುರದ ಜೋಡಿ ಇರುತ್ತದೆ, ಸೀಲ್ ಎನ್ನುತ್ತಾರೆ, ಅಂಗೈಯಲ್ಲಿ ಹಿಡಿಸುವಷ್ಟೇ ದೊಡ್ಡದು. ಅದರಿಂದ ಎಣ್ಣೆ ಜಿನುಗುತ್ತಿತ್ತು, ಘಾಟು ಬರುತ್ತಿತ್ತು.

"ಸೋರುತ್ತಾ ಉಂಟಾ?" ಎಂದೆ.

"ಸೋರುವುದಲ್ಲ ವಾಸಣ್ಣ, ಈಗ ಬರೀ ಮೂಗು ಸೀಟುತ್ತಾ ಉಂಟು. ಇನ್ನು ಸ್ವಲ್ಪ ದಿನಕ್ಕೆ ಸರಿಯಾಗಿ ಅಳುತ್ತದೆ."

ಕಾರ್ಖಾನೆಗೆ ಟೆಲೆಕ್ಸ್ ಕಳಿಸಿದೆ. ಉತ್ತರವಿಲ್ಲ. ಇನ್ನೊಂದು ಕಳಿಸಿದೆ, ಗ್ಯಾರಂಟಿಯ ಮಾತನ್ನು ಸೇರಿಸಿ. ಉತ್ತರವಿಲ್ಲ. ಫೋನ್ ಮಾಡಿದರೆ ಅದು ಬಡಿದುಕೊಳ್ಳುತ್ತಲೇ ಇತ್ತು. ಸ್ವೆನ್ ಕೊಟ್ಟಿದ್ದ ಮನೆಯ ನಂಬರೂ ಹಾಗೆಯೇ. ದುಬೈಯಲ್ಲಿದ್ದ ಏಜೆಂಟ್ ಮಾತ್ರ ಸಿಕ್ಕಿದ. "ಜುಲೈ ಅಲ್ಲವಾ, ಆಗಸ್ಟಿಗೆ ನೋಡೋಣ" ಎಂದು ಆರಾಮವಾಗಿ ಹೇಳಿದ. ಅವನ ಹೆಂಡತಿ ಮಕ್ಕಳ ವೀಸಾ ಯಾವ ಸೀಲಿಗೂ ಅಂಟಿಕೊಂಡಿರಲಿಲ್ಲ.

ಆ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ನನ್ನ ಅಂಗಿಯ ಘಾಟಿನಿಂದಲೇ ಸುಜಾತಗೆ ಗೊತ್ತಾಯಿತು. ಎಲ್ಲವನ್ನೂ ಹೇಳಿದೆ. ಅವಳು ಗಾಬರಿ ಪಡುವ ಪೈಕಿ ಅಲ್ಲ. ಸಾರು ಬಡಿಸುತ್ತಾ ಕೇಳಿದಳು, "ಇಡೀ ಊರು ಹೋಗಿದೆಯಾ?"

"ಇಡೀ ಊರು."

"ಒಬ್ಬರೂ ಇಲ್ಲವಾ?"

"ಫೋನ್ ಎತ್ತುವವರಿಲ್ಲ ಅಂದೆನಲ್ಲ."

"ನೀವು ಫೋನ್ ಮಾಡಿದ್ದು ರಜೆ ಸಿಕ್ಕುವವರಿಗೆ ಮಾರಾಯ್ರೆ. ರಜೆ ಸಿಕ್ಕದವರಿಗೆ ಮಾಡಿ. ಮರದ ಮನೆಗಳ ಊರು ಅಂತೀರಿ. ಫೈರ್ ಇಂಜಿನ್‌ನವರನ್ನೂ ಕೆರೆಗೆ ಕಳಿಸಿಬಿಡುತ್ತಾರಾ?"

ಕೈ ತೊಳೆದು ಎದ್ದೆ. ಸಾರು ಹಾಗೇ ಇತ್ತು. ಮಗಳು ಸೋಫಾದಿಂದ, "ಪಪ್ಪಾ, ಆರ್ ವಿ ಗೋಯಿಂಗ್ ಬ್ಯಾಕ್?" ಎಂದಳು. ಶಾಲೆ ಬೇಸಿಗೆ ರಜೆ ಮುಗಿಸಿ ಆಗಸ್ಟಿನಲ್ಲಿ ತೆರೆಯುವುದಿತ್ತು. ಅವಳಿಗೆ ಅಷ್ಟರಲ್ಲೇ ಗೆಳತಿಯರಾಗಿದ್ದರು. "ಇಲ್ಲ" ಎಂದೆ. ಹೇಳಿದ ಮೇಲೆ ಅದನ್ನು ನಿಜ ಮಾಡುವುದೊಂದೇ ಉಳಿದದ್ದು.

ಆಪರೇಟರ್ ಮೂಲಕ ಆ ಊರಿನ ಅಗ್ನಿಶಾಮಕ ಠಾಣೆಯನ್ನು ಹಿಡಿಯಲು ಬಹಳ ಹೊತ್ತು ಹಿಡಿಯಿತು. ಕಡೆಗೂ ಒಬ್ಬ ಎತ್ತಿದ. ಹರಕು ಇಂಗ್ಲಿಷು. ನಾನು ಕಂಪೆನಿ, ಗ್ಯಾರಂಟಿ, ಆರ್ಡರ್ ಎನ್ನುತ್ತಾ ಹೋದೆ. ಅವನು ನಯವಾಗಿ ಫೋನ್ ಇಡುವ ತಯಾರಿಯಲ್ಲಿದ್ದ. ಆಗ ನನಗೆ ಹೊಳೆಯಿತು, ಬೆಂಕಿ ಆರಿಸುವವನಿಗೆ ಗ್ಯಾರಂಟಿಯ ಮಾತು ಯಾಕೆ? "ಅಮೋನಿಯಾ" ಎಂದೆ. "ಅಮೋನಿಯಾ ಲೀಕ್. ನಿಮ್ಮ ಊರಿನ ಕಂಪ್ರೆಸರ್. ಒಳಗೆ ಆರು ಜನ ಕೆಲಸ ಮಾಡುತ್ತಾರೆ."

ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದು ಕೇಳಿಸಿತು. ಯಾವ ಮಾಡೆಲ್, ಜನ ಹೊರಗಿದ್ದಾರಾ, ಗಾಳಿ ಯಾವ ಕಡೆ, ಒಂದೊಂದೇ ಕೇಳಿದ. ಎದುರಿನವನ ಕೆಲಸದ ಮಾತನ್ನು ಹಿಡಿದು ಮಾತಾಡಿದರೆ ಕಿವಿ ತಾನಾಗಿ ತೆರೆಯುತ್ತದೆ. ಇದನ್ನು ಯಾವ ಸೇಲ್ಸ್ ಮ್ಯಾನೇಜರೂ ನನಗೆ ಹೇಳಿಕೊಟ್ಟಿರಲಿಲ್ಲ. ಸ್ವೆನ್‌ನ ಹೆಸರು ಹೇಳಿದೆ. ಅವನ ಗುಡಿಸಲು ಯಾವ ಕೆರೆಯ ಯಾವ ದಡದಲ್ಲಿದೆ ಎಂಬುದು ಆ ಮನುಷ್ಯನಿಗೆ ಗೊತ್ತಿತ್ತು. ಊರೆಂದರೆ ಅಂಥ ಊರು. "ಸಂಜೆ ದೋಣಿಯಲ್ಲಿ ಹೋಗಿ ಹೇಳುತ್ತೇನೆ" ಎಂದ.

ಮರುದಿನ ಮಧ್ಯಾಹ್ನ ಸ್ವೆನ್ ಫೋನ್ ಮಾಡಿದ, ಯಾವುದೋ ಅಂಗಡಿಯಿಂದ.

"ನಾನು ಹೇಳಿದ್ದೆ" ಎಂದ.

"ಏನು?"

"ಜುಲೈ."

ನಾನು ಗ್ಯಾರಂಟಿಯ ಮಾತು ಎತ್ತಿದೆ. ಅದಕ್ಕೂ "ಜುಲೈ" ಎಂದ. ಬೇಕಾದರೆ ಎರಡು ಪಟ್ಟು ಬೆಲೆ ಕೊಡುತ್ತೇನೆ ಎಂದೆ. ನನ್ನ ಜೀವಮಾನದಲ್ಲಿ ಬೆಲೆ ಏರಿಸಿ ಮಾತಾಡಿದ್ದು ಅದೇ ಮೊದಲು. ಅವನು, "ವಾಸು, ನೀನು ಎಷ್ಟೇ ಕೊಟ್ಟರೂ ಜುಲೈ ಹೋಗಿ ಆಗಸ್ಟ್ ಆಗುವುದಿಲ್ಲ" ಎಂದ.

ನನ್ನ ಹತ್ತಿರ ಇನ್ನು ಆಡುವ ದಾಳ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಐಸ್ ನಿಂತರೆ ನನ್ನ ಹೆಂಡತಿ ಮಗಳು ವಾಪಸು ಹೋಗಬೇಕು, ನಾನೂ ಹೋಗಬೇಕು.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಗ್ಯಾರಂಟಿ ಸಾಕೆಂದುಕೊಂಡಿದ್ದೆ."

"ಗ್ಯಾರಂಟಿಯನ್ನು ಕೊಟ್ಟದ್ದು ಆಫೀಸು. ಆಫೀಸು ಈಗ ಮೀನು ಹಿಡಿಯುತ್ತಿದೆ" ಎಂದ. ಆಮೇಲೆ, ಉಗ್ರಾಣದ ಬೀಗದ ಕೈ ಠಾಣೆಯವರ ಹತ್ತಿರವೇ ಇರುತ್ತದೆ, ಆದರೆ ಒಳಗೆ ಹೋಗಲು ಉಗ್ರಾಣದವನು ಜೊತೆಗಿರಬೇಕು, ಅವನು ಬೇರೆ ಕೆರೆಯಲ್ಲಿದ್ದಾನೆ, ಹುಡುಕಿ ನೋಡುತ್ತೇನೆ ಎಂದ. ಎಷ್ಟು ದಿನ ಎಂದು ಕೇಳಿದರೆ ಹೇಳಲಾರೆ ಎಂದ.

ಈಗ ಸೈಫರಿಗೆ ತಿಳಿಸಬೇಕು. ಬೇರೆಯವರ ಬಾಯಿಂದ ಕೇಳುವ ಮೊದಲು ನಮ್ಮ ಬಾಯಿಂದಲೇ ಕೆಟ್ಟ ಸುದ್ದಿ ಹೋಗಬೇಕು, ಅದು ನನ್ನ ನಿಯಮ. ರೂವಿಯ ಆಫೀಸಿಗೆ ಹೋದರೆ ಬಾಗಿಲು ಮುಚ್ಚಿತ್ತು. ಸುಮಾಯಿಲ್‌ನಲ್ಲಿ ಅವರ ಖರ್ಜೂರದ ತೋಟ, ಕೊಯ್ಲಿಗೆ ಹೋಗಿದ್ದಾರೆ ಎಂದ ಪಕ್ಕದ ಅಂಗಡಿಯವ. ಬರಡು ಗುಡ್ಡಗಳ ನಡುವಿನ ದಾರಿಯಲ್ಲಿ ಪಿಕಪ್ ಓಡಿಸಿದೆ. ತೋಟದೊಳಗೆ ಕಾಲುವೆಯ ನೀರು ಹರಿಯುತ್ತಿತ್ತು, ಮರದ ತುದಿಯಲ್ಲಿ ಅವರ ತಮ್ಮ ಹಗ್ಗ ಬಿಗಿದು ಗೊನೆ ಇಳಿಸುತ್ತಿದ್ದ, ಕೆಳಗೆ ಮನೆಮಂದಿ ಹಣ್ಣು ಆರಿಸುತ್ತಿದ್ದರು. ಸೈಫ್ ಚಾಪೆಯ ಮೇಲೆ ಕೂರಿಸಿ ಏಲಕ್ಕಿ ಹಾಕಿದ ಖಾವಾ ಕಾಫಿ ಕೊಟ್ಟು, ತಟ್ಟೆ ತುಂಬ ಹೊಸ ಹಣ್ಣು ಇಟ್ಟರು. ನಾನು ಮುಟ್ಟದೆ ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ಸಿಟ್ಟು ಬಂತು. ಅರ್ಬಾಬ್ ಎಂದೇ ಅಲ್ಲಿ ನಾವು ಧಣಿಗಳನ್ನು ಕರೆಯುವುದು.

"ಇದೆಂಥ ವ್ಯಾಪಾರ ಅರ್ಬಾಬ್? ಊರಿಗೆ ಬೀಗ ಹಾಕಿ ಎಲ್ಲರೂ ಕೆರೆಗೆ ಹೋಗಿ ಕೂತರೆ ಯಂತ್ರ ಕೊಂಡವನು ಏನು ಮಾಡಬೇಕು?"

ಸೈಫ್ ಬೀಜ ಉಗಿದು ಕೇಳಿದರು, "ನನ್ನ ಆಫೀಸಿಗೆ ಹೋಗಿದ್ದೆಯಾ?"

"ಹೋಗಿದ್ದೆ."

"ಯಾರಿದ್ದರು?"

"ಬೀಗ ಇತ್ತು."

ಮರದ ಮೇಲಿದ್ದ ತಮ್ಮನಿಗೂ ಕೇಳಿಸಿರಬೇಕು, ಅಲ್ಲಿಂದಲೇ ನಗು ಬಂತು. ಸೈಫರೂ ನಕ್ಕರು. "ಅವರದು ಕೆರೆ, ನಮ್ಮದು ಖರ್ಜೂರ. ಸ್ವೀಡನ್ನಿನವರು ಒಳ್ಳೆಯ ಜನ ಕಾಣುತ್ತದೆ." ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ನೋಡಿದರು. "ಆದರೆ ವಾಸು, ಮೀನುಗಾರನಿಗೆ ಜುಲೈ ಇಲ್ಲ. ಆ ಮನುಷ್ಯ ನಿನಗೆ ಹೇಳಿದ್ದ, ನೀನು ಕೇಳಲಿಲ್ಲ. ನನ್ನ ಮಾತು ಮಾತೇ. ಈಗ ಹಣ್ಣು ತಿನ್ನು, ತಿಂದು ಹೋಗು. ಯಲ್ಲಾ, ಹೊರಡು."

ವಾಪಸು ಬರುವ ದಾರಿಯಲ್ಲೇ ಲೆಕ್ಕ ಹಾಕಿದೆ. ನಾನು ಗೆಲ್ಲಬೇಕಾದದ್ದು ಯಂತ್ರವನ್ನು ಅಲ್ಲ, ಬಾಗಿಲಿಗೆ ಬರುವ ಪೆಟ್ಟಿಗೆಗಳನ್ನು. ಯಾವ ಪೆಟ್ಟಿಗೆಯೂ ಖಾಲಿ ಹೋಗಬಾರದು, ಅಷ್ಟೇ ತಾನೆ ಷರತ್ತು?

ಹಮೀದ್ ಮತ್ತು ನಾನು ಕಂಪ್ರೆಸರನ್ನು ಬಾಣಂತಿಯಂತೆ ನೋಡಿಕೊಂಡೆವು. ನಡುಹಗಲಿನ ಕುದಿಯುವ ಹೊತ್ತಿನಲ್ಲಿ ನಿಲ್ಲಿಸಿ, ತಂಪಿನ ಹೊತ್ತು ಮಾತ್ರ ನಿಧಾನಕ್ಕೆ ಓಡಿಸುವುದು. ಎಣ್ಣೆ ತುಂಬುತ್ತಲೇ ಇರುವುದು, ಹೋದಷ್ಟು ಗ್ಯಾಸ್ ಮತ್ತೆ ಹಾಕುವುದು, ಬಾಗಿಲು ಕಿಟಕಿ ತೆರೆದಿಡುವುದು, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿ ಸರದಿಯಲ್ಲಿ ಒಳಗೆ ಹೋಗುವುದು. ಕಣ್ಣಲ್ಲಿ ನೀರು ಹರಿಯುತ್ತಿತ್ತು. ಹಾಗೆ ಮಾಡಿದರೂ ಐಸ್ ಅರ್ಧಕ್ಕರ್ಧ ಕಡಿಮೆ. ಹಾಗಾಗಿ ಒಬ್ಬೊಬ್ಬರಿಗೆ ಅರ್ಧ ಬ್ಲಾಕು, ಅದನ್ನೂ ನಾವೇ ಪುಡಿ ಮಾಡಿ ಕೊಡುವುದೆಂದು ತೀರ್ಮಾನಿಸಿದೆ.

ಮೊದಲ ದಿನ ಒಬ್ಬ ಮುದುಕ ಮೀನುಗಾರ ಸೊಂಟಕ್ಕೆ ಕೈಯಿಟ್ಟು ನಿಂತ. "ಅರ್ಧವಾ? ನಾಳೆಯಿಂದ ನಾನೂ ಬಾಲದ ಕಡೆ ಮಾತ್ರ ಹಿಡಿದು ತರುತ್ತೇನೆ."

"ಬಾಬಾ, ಇಡೀ ಬ್ಲಾಕು ಹಾಕಿದರೆ ಅದು ಒಂದು ಮೂಲೆಯಲ್ಲಿ ಕೂರುತ್ತದೆ, ಪುಡಿ ಎಲ್ಲ ಮೀನನ್ನೂ ಮುಟ್ಟುತ್ತದೆ" ಎಂದು ನಾನೇ ಅವನ ಪಿಕಪ್ ಹತ್ತಿದೆ. ಒಂದು ಪದರ ಮೀನು, ಒಂದು ಪದರ ಪುಡಿ, ಮೇಲೆ ಒದ್ದೆ ಗೋಣಿ, ಮಲ್ಪೆಯಲ್ಲಿ ಮಾಡುವ ಹಾಗೆಯೇ. ಮರುದಿನ ಅವನು ಮತ್ತೆ ಬಂದ. ಪೆಟ್ಟಿಗೆ ತೆರೆದು, ಪಿಕಪ್ ಹತ್ತಿ ಬಾ ಎಂದು ನನಗೆ ಬೆರಳಲ್ಲಿ ಸನ್ನೆ ಮಾಡಿದ. ಆಮೇಲೆ ಎಲ್ಲರ ಪಿಕಪ್ಪನ್ನೂ ಹತ್ತಬೇಕಾಯಿತು. ನನ್ನ ಬೆನ್ನು ಇವತ್ತಿಗೂ ಅದನ್ನು ಮರೆತಿಲ್ಲ.

ಜುಲೈ ಕೊನೆಗೆ ಸೀಬ್ ವಿಮಾನ ನಿಲ್ದಾಣದ ಕಾರ್ಗೋದಿಂದ ಫೋನ್ ಬಂತು. ಹೋಗಿ ಬಿಡಿಸಿಕೊಂಡು ಬಂದು ಪೆಟ್ಟಿಗೆ ಒಡೆದರೆ, ಒಳಗೆ ಕೈಯಲ್ಲಿ ಹೆಣೆದ ದಪ್ಪ ಉಣ್ಣೆಯ ಕಾಲುಚೀಲಗಳು. ಪ್ಯಾಕಿಂಗ್ ವಿಭಾಗಕ್ಕೂ ಬೀಗವಿದ್ದಿರಬೇಕು. ಒಂದೊಂದು ಕಾಲುಚೀಲದೊಳಗೆ ಒಂದೊಂದು ಸೀಲ್. ಒಂದು ಕೇಳಿದ್ದಕ್ಕೆ ಸ್ವೆನ್ ಎರಡು ಕಳಿಸಿದ್ದ. ಹಮೀದ್ ಆ ಸೆಕೆಯಲ್ಲಿ ಉಣ್ಣೆಯನ್ನು ಕೆನ್ನೆಗೆ ಒತ್ತಿಕೊಂಡು, "ವಾಸಣ್ಣ, ಇದನ್ನು ಹಾಕಿಕೊಳ್ಳುವ ಊರಿನವರಿಗೆ ಒಂದು ತಿಂಗಳು ರಜೆ ಸಾಕಾ?" ಎಂದ.

ಶುಕ್ರವಾರ ಬೆಳಿಗ್ಗೆ ದೋಣಿಗಳು ಹೋಗುವುದಿಲ್ಲ. ಆ ಶುಕ್ರವಾರವೇ ಯಂತ್ರ ನಿಲ್ಲಿಸಿ, ಗ್ಯಾಸ್ ಹಿಡಿದಿಟ್ಟು, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದೆವು. ಮಸೀದಿಯಲ್ಲಿ ನಮಾಜು ಶುರುವಾಗುವ ಹೊತ್ತಿಗೆ ಕಂಪ್ರೆಸರ್ ಮತ್ತೆ ತಿರುಗುತ್ತಿತ್ತು. ಹಮೀದ್ ನಮಾಜಿಗೆ ತಡವಾದದ್ದಕ್ಕೆ ನನ್ನನ್ನು ಬೈದುಕೊಂಡೇ ಓಡಿದ.

ಸೈಫ್ ಕೊಯ್ಲು ಮುಗಿಸಿ ಬಂದದ್ದು ಆಗಸ್ಟಿನಲ್ಲಿ. ನನ್ನ ಹತ್ತಿರ ಬರಲಿಲ್ಲ. ಮೊದಲು ದಡಕ್ಕೆ ಹೋಗಿ ಮೀನುಗಾರರ ನಡುವೆ ಕೂತರು. ನಾನು ಬಾಗಿಲಲ್ಲಿ ನಿಂತು ದೂರದಿಂದ ನೋಡುತ್ತಿದ್ದೆ. ಆ ಮುದುಕ ಕೈ ಆಡಿಸಿ ಏನೋ ಹೇಳಿದ, ಅರ್ಧ ಎನ್ನುವಂತೆ ಅಂಗೈಯನ್ನು ಅಡ್ಡ ಕೊಯ್ದು ತೋರಿಸಿದ, ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಸೈಫ್ ನಿಧಾನಕ್ಕೆ ನಡೆದು ಬಂದರು. ಮೆಷಿನ್ ರೂಮಿಗೆ ಹೋಗಿ ಮೂಗು ಎತ್ತಿ ವಾಸನೆ ನೋಡಿದರು. ವಾಸನೆ ಇರಲಿಲ್ಲ.

"ಒಬ್ಬನೂ ಖಾಲಿ ಹೋಗಲಿಲ್ಲವಂತೆ" ಎಂದರು.

"ಇಲ್ಲ ಅರ್ಬಾಬ್. ತುಂಬಾ ಸಿಗಲಿಲ್ಲ, ಖಾಲಿಯೂ ಹೋಗಲಿಲ್ಲ."

ವೀಸಾದ ಮಾತು ತೆಗೆಯಬೇಕು, ಈ ಬಿಸಿಯಲ್ಲೇ ಪ್ಲಾಂಟಿನ ಲಾಭದಲ್ಲಿ ನನಗೊಂದು ಪಾಲಿನ ಮಾತನ್ನೂ ತೆಗೆಯಬೇಕು ಎಂದು ನಾಲಿಗೆ ತುದಿಯಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಅವರು ಕಾರಿನ ಬಾಗಿಲು ತೆರೆದು, "ಸುಮಾಯಿಲ್‌ಗೆ ಬಂದವನು ಹಣ್ಣನ್ನು ಸರಿಯಾಗಿ ತಿನ್ನಲಿಲ್ಲ ನೀನು" ಎಂದರು. "ಮುಂದಿನ ಕೊಯ್ಲಿಗೆ ಹೆಂಡತಿ, ಮಗಳು, ಇಬ್ಬರನ್ನೂ ಕರೆದುಕೊಂಡು ಬಾ. ಎರಡು ದಿನ ಇರಿ."

ಮುಂದಿನ ಕೊಯ್ಲು ಅಂದರೆ ಮುಂದಿನ ಜುಲೈ. ನನ್ನ ನಾಲಿಗೆಯ ಮೇಲಿದ್ದದ್ದನ್ನೆಲ್ಲ ನುಂಗಿ, "ಬರುತ್ತೇವೆ" ಎಂದೆ. ಯಾವ ಮಾತಿಗೂ ಮರುಮಾತು ಸೇರಿಸದೆ ನಾನು ಒಪ್ಪಿಕೊಂಡ ಒಪ್ಪಂದ ಅದೊಂದೇ ಇರಬೇಕು.

ಹಮ್ರಿಯಾಕ್ಕೆ ಹೋಗಿ ಸುಜಾತಗೆ ಹೇಳಿದೆ. ಅವಳು ಕುರ್ಚಿಯಲ್ಲಿ ಕೂತಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಮಗಳನ್ನು ಕರೆದು ಶಾಲೆಯ ಯೂನಿಫಾರ್ಮ್ ಹಾಕಿಸಿ ಉದ್ದ ಸಾಕಾಗುತ್ತದೋ ಎಂದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ನಾವೆಲ್ಲ ಖರ್ಜೂರ ತಿನ್ನಲು ಹೋದರೆ ಐಸ್ ಯಾರು ನೋಡುತ್ತಾರೆ?"